ನೆರವಿಗೆ ಬಂದ ಬೆಳೆ ಮನೆಗೆ ಹೋಗಬೇಕು

ಪ್ರತಿ ವರ್ಷ ಮುಂಗಾರು ಕಾಲಿಡುತ್ತಿದ್ದಂತೆ ಪುಣೆಯ ವಾಕಡದಲ್ಲಿ ಶನಿವಾರದ ಸಂಚಾರದ ದಿಕ್ಕು ಬದಲಾಗುತ್ತದೆ. ವಾರವಿಡೀ ಹಿಂಜವಡಿಯ ಐಟಿ ಪಾರ್ಕಿಗೆ ನೌಕರರನ್ನು ಸಾಗಿಸುವ ಬಸ್ಸುಗಳು ಅಂದು ಗುಡ್ಡದ ಕಡೆ ತಿರುಗುತ್ತವೆ. ಗುಂಡಿಗಳು ಮೊದಲೇ ಸಿದ್ಧವಾಗಿರುತ್ತವೆ, ಸಸಿಗಳು ಟೆಂಪೊದಲ್ಲಿ ಬಂದಿರುತ್ತವೆ, ಬ್ಯಾನರ್ ಕಟ್ಟಿಯಾಗಿರುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ಬಂದು ಇಲ್ಲಿ ಫ್ಲ್ಯಾಟು ಹಿಡಿದ ಕನ್ನಡದ ಹುಡುಗ ಹುಡುಗಿಯರೂ ಆ ಗುಂಪಿನಲ್ಲಿರುತ್ತಾರೆ. ಅವರ ಶ್ರದ್ಧೆಯನ್ನು ಯಾರೂ ಅನುಮಾನಿಸಬೇಕಿಲ್ಲ. ಅನುಮಾನ ಬರಬೇಕಾದದ್ದು ಗುಂಡಿ ತೋಡಿದ ಜಾಗದ ಬಗ್ಗೆ, ಅಲ್ಲಿಗೆ ತಂದ ಗಿಡದ ಬಗ್ಗೆ, ಅದನ್ನು ಆರಿಸಿದವರ ಲೆಕ್ಕದ ಬಗ್ಗೆ.

ಏಕೆಂದರೆ ಆ ಜಾಗ ಬಹುಪಾಲು ಹುಲ್ಲಿನದು. ಪುಣೆ ನಗರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಸಹ್ಯಾದ್ರಿಯ ಬೆನ್ನಿನಿಂದ ಪೂರ್ವಕ್ಕೆ ಹೋದಷ್ಟೂ ಅದು ಕಡಿಮೆಯಾಗುತ್ತದೆ. ಸಾಸವಡ, ದೌಂಡ, ಬಾರಾಮತಿ, ಇಂದಾಪುರ ದಾಟಿ ಸೊಲ್ಲಾಪುರದವರೆಗೆ, ಅಲ್ಲಿಂದ ವಿಜಯಪುರದ ಬಯಲಿನವರೆಗೆ ಹಬ್ಬಿದ್ದು ಹುಲ್ಲು ಮತ್ತು ಅಲ್ಲೊಂದು ಇಲ್ಲೊಂದು ಜಾಲಿಯ ಸೀಮೆ. ತೋಳ, ಚಿಂಕಾರ, ಕತ್ತೆಕಿರುಬಗಳು ಬದುಕಿರುವುದು ಇಲ್ಲಿ. ಬಾರಾಮತಿ ತಾಲ್ಲೂಕಿನ ಮಯೂರೇಶ್ವರ ಅಭಯಾರಣ್ಯ ಕೇವಲ 5 ಚದರ ಕಿಲೋಮೀಟರಿನದು, ಆದರೂ ಅದು ಚಿಂಕಾರಗಳ ನೆಲೆ. ಸೊಲ್ಲಾಪುರದ ನಾನ್ನಜ್‌ನಲ್ಲಿ 1979ರಲ್ಲಿ ಅಭಯಾರಣ್ಯ ಮಾಡಿದ್ದು ಎರೆಭೂತ ಹಕ್ಕಿಗಾಗಿ, ಅಂದರೆ ಬಯಲನ್ನು ಬಿಟ್ಟು ಬೇರೆಲ್ಲೂ ಬದುಕದ ಹಕ್ಕಿಗಾಗಿ.

ಸರ್ಕಾರಿ ಕಡತಗಳಲ್ಲಿ ಈ ಸೀಮೆಯ ಬಹುಭಾಗಕ್ಕೆ ಇರುವ ಹೆಸರು ‘ಪಾಳುಭೂಮಿ’. ಒಂದಾನೊಂದು ಕಾಲಕ್ಕೆ ಇಲ್ಲಿ ದಟ್ಟ ಕಾಡಿತ್ತು, ಜನ ಕಡಿದು, ದನ ಮೇಯಿಸಿ ಹಾಳುಮಾಡಿದರು, ಈಗ ಮತ್ತೆ ಕಾಡು ಮಾಡಬೇಕು ಎಂಬ ಕಥೆಯನ್ನು ಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ. ಹಳೆಯ ಮರಾಠಿ ಓವಿ, ಚರಿತ್ರೆ, ಕಥನಗಳಲ್ಲಿ ಬರುವ ಗಿಡಮರಗಳನ್ನು ಹುಡುಕಿ 2025ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಕಥೆಯನ್ನು ಅಲುಗಾಡಿಸಿತು. ಪಶ್ಚಿಮ ಮಹಾರಾಷ್ಟ್ರದ ಈ ಮುಳ್ಳುಗಿಡ-ಹುಲ್ಲಿನ ಬಯಲುಗಳಿಗೆ ಕನಿಷ್ಠ 750 ವರ್ಷ ವಯಸ್ಸಾಗಿದೆ ಎಂಬುದು ಅದರ ತೀರ್ಮಾನ. ಜ್ಞಾನೇಶ್ವರರ ಕಾಲಕ್ಕೂ ಇದು ಬಯಲೇ ಆಗಿತ್ತು. ಹಾಗಾಗಿ ಇದು ಸತ್ತ ಕಾಡಲ್ಲ, ಬದುಕಿರುವ ಹುಲ್ಲುಗಾವಲು. ಬದುಕಿರುವ ಹುಲ್ಲುಗಾವಲಿಗೆ ಯಾರೂ ಏನನ್ನೂ ನೆಡಬೇಕಿಲ್ಲ. ಅಲ್ಲಿ ತೋಡುವ ಪ್ರತಿ ಗುಂಡಿಯೂ ಗಾಯವೇ.

ಹಾಗಿದ್ದರೆ ಬಿತ್ತುವ ಪ್ರಶ್ನೆ ಬರುವುದೆಲ್ಲಿ? ನೆಲ ಈಗಾಗಲೇ ಗಾಯಗೊಂಡಲ್ಲಿ. ವಾಕಡದ ಸುತ್ತ ಅದಕ್ಕೇನೂ ಬರವಿಲ್ಲ. ಮುಂಬೈ–ಬೆಂಗಳೂರು ಹೆದ್ದಾರಿ ಈ ಊರನ್ನು ಸೀಳಿಕೊಂಡೇ ಹೋಗುತ್ತದೆ, ಅದರ ಇಕ್ಕೆಲಗಳಲ್ಲಿ ಕಡಿದ ಗುಡ್ಡ, ಸುರಿದ ಮಣ್ಣಿನ ಏರಿಗಳಿವೆ. ವಾಕಡದಿಂದ ಸಾಂಗವಿಯ ಕಡೆಗೆ ಮುಳಾ ನದಿಯ ದಂಡೆಯನ್ನು ಕೆದಕಿ ಕಾಮಗಾರಿ ನಡೆದಿದೆ. ಕೈಬಿಟ್ಟ ಕಲ್ಲುಗಣಿಗಳಿವೆ. ಬಿಲ್ಡರು ಕೊಂಡು, ಕಟ್ಟದೆ ಬಿಟ್ಟ ಹೊಲಗಳಿವೆ. ಇಲ್ಲೆಲ್ಲ ಹುಲ್ಲಿನ ಬೇರೂ ಉಳಿದಿಲ್ಲ, ಮಣ್ಣಿನೊಳಗಿನ ಬೀಜವೂ ಉಳಿದಿಲ್ಲ. ಹುಲ್ಲು ಮರಳಬೇಕೆಂದರೆ ಬಿತ್ತಲೇಬೇಕು. ಹೊದಿಕೆ ಬೆಳೆಯ ಜಗಳ ಶುರುವಾಗುವುದೂ ಇಲ್ಲೇ.

ಈ ಸೀಮೆಯ ಬಹುವಾರ್ಷಿಕ ಹುಲ್ಲುಗಳಿಗೆ ಅವಸರವೆಂಬುದಿಲ್ಲ. ಮರಾಠಿಯಲ್ಲಿ ಕುಸಳ ಎನ್ನುವ, ಪಂಚೆ-ಸೀರೆಗೆ ಚುಚ್ಚಿ ಕಾಡುವ ಈಟಿಹುಲ್ಲನ್ನೇ ನೋಡಬಹುದು. ಬೀಜ ಉದುರಿದ ಕೂಡಲೇ ಮೊಳೆಯುವುದಿಲ್ಲ, ಹಲವು ತಿಂಗಳು ನಿದ್ದೆ ಮಾಡುತ್ತದೆ. ಬೀಜಕ್ಕಂಟಿದ ಉದ್ದನೆಯ ಮುಳ್ಳು ತೇವ ತಾಗಿದಾಗ ಬಿಚ್ಚುತ್ತ, ಒಣಗಿದಾಗ ಹುರಿಗೊಳ್ಳುತ್ತ ಬೀಜವನ್ನು ಮಣ್ಣಿಗೆ ತಿರುಪಿನಂತೆ ಇಳಿಸುತ್ತದೆ. ಮಾರ್ವೇಲ್, ಶೇಡಾ ಹುಲ್ಲುಗಳೂ ಮೊದಲ ವರ್ಷ ತಮ್ಮ ಶಕ್ತಿಯನ್ನು ಹೆಚ್ಚಾಗಿ ಬೇರಿಗೇ ಸುರಿಯುತ್ತವೆ. ಮೇಲೆ ನೋಡಿದವರಿಗೆ ಕಾಣುವುದು ನಾಲ್ಕಾರು ಬಡಕಲು ಎಸಳು. ನಿಜವಾದ ಕೆಲಸ ನೆಲದಡಿಯಲ್ಲಿ ನಡೆಯುತ್ತಿರುತ್ತದೆ.

ಆದರೆ ಮಳೆ ಅಷ್ಟು ಕಾಯುವುದಿಲ್ಲ. ಜೂನ್ ತಿಂಗಳ ಗುಡುಗು ಮಳೆ ಬೋಳು ಇಳಿಜಾರಿಗೆ ಬಡಿದರೆ ಬೀಜವೂ ಮಣ್ಣೂ ಒಟ್ಟಿಗೆ ಮುಳೆಯ ಪಾಲು. ಮಣ್ಣು ಉಳಿದರೂ ಅದು ಖಾಲಿ ಇರುವುದಿಲ್ಲ. ಕಾಂಗ್ರೆಸ್ ಗಿಡವೆಂದು ಕನ್ನಡಿಗರೆಲ್ಲ ಶಪಿಸುವ ಪಾರ್ಥೇನಿಯಂ ಭಾರತದಲ್ಲಿ ಮೊದಲು ಗಮನಕ್ಕೆ ಬಂದದ್ದು 1950ರ ದಶಕದ ಮಧ್ಯದಲ್ಲಿ, ಇದೇ ಪುಣೆಯಲ್ಲಿ. ಕೆದಕಿ ಬಿಟ್ಟ ಮಣ್ಣು ಕಂಡರೆ ಅದು ಎರಡು ವಾರದಲ್ಲಿ ಹಾಜರ್. ಆದ್ದರಿಂದ ‘ದೇಸಿ ಹುಲ್ಲಿನ ಬೀಜ ಎರಚಿ, ಉಳಿದದ್ದನ್ನು ಪ್ರಕೃತಿಗೆ ಬಿಡಿ’ ಎನ್ನುವ ಶುದ್ಧವಾದಿಗಳ ಮಾತು ಕೇಳಲು ಚಂದ, ನೆಲದ ಮೇಲೆ ಸೋಲುತ್ತದೆ. ಮೊದಲ ಮಳೆಗಾಲಕ್ಕೆ ಬೇಗ ಎದ್ದು, ಹನಿಯ ಹೊಡೆತ ತಡೆದು, ಕಳೆಯ ಜಾಗ ಹಿಡಿದಿಡುವ ಒಂದು ಹೊದಿಕೆ ಬೆಳೆ ಬೇಕು.

ಬೇಕು, ಎರಡು ಷರತ್ತಿನ ಮೇಲೆ. ಅದು ತೆಳ್ಳಗಿರಬೇಕು. ಒಂದೇ ವರ್ಷದಲ್ಲಿ ಸಾಯಬೇಕು. ಈ ಎರಡನ್ನೂ ಪೂರೈಸದ ಗಿಡವನ್ನು ನೆರವಿನ ಬೆಳೆ ಎಂದು ಕರೆಯುವುದು ನೆಲಕ್ಕೆ ಮಾಡುವ ಮೋಸ.

ಈ ಷರತ್ತುಗಳನ್ನು ಅಮೆರಿಕದ ಅಯೋವಾ ರಾಜ್ಯ ದುಬಾರಿ ಬೆಲೆ ತೆತ್ತು ಕಲಿತಿದೆ. ಪ್ರೇರಿ ಎಂಬ ಎತ್ತರದ ಹುಲ್ಲಿನ ಬಯಲು ಒಂದು ಕಾಲಕ್ಕೆ ಅಲ್ಲಿನ ನೆಲದ ಮುಕ್ಕಾಲು ಭಾಗಕ್ಕಿಂತ ಹೆಚ್ಚಿತ್ತು. ನೇಗಿಲು ಅದನ್ನು ಎಷ್ಟು ಚೊಕ್ಕಟವಾಗಿ ಅಳಿಸಿತೆಂದರೆ ಇಂದು ಉಳಿದಿರುವುದು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. 1980ರ ದಶಕದ ಕೊನೆಯಿಂದ ಅಲ್ಲಿನವರು ರಸ್ತೆಯಂಚುಗಳಲ್ಲಿ ದೇಸಿ ಪ್ರೇರಿ ಹುಲ್ಲನ್ನು ಮತ್ತೆ ಬಿತ್ತುತ್ತಿದ್ದಾರೆ. ಜೊತೆಗೆ ಹೊದಿಕೆಗೆಂದು ಹಾಕುವುದು ಸಾಮಾನ್ಯವಾಗಿ ಓಟ್ಸ್. ಅದನ್ನೂ ಧಾನ್ಯದ ಬೆಳೆಗೆ ಬಿತ್ತುವಷ್ಟು ಒತ್ತಾಗಿ ಹಾಕುವುದಿಲ್ಲ. ಚಳಿ ಬಂದಾಗ ಓಟ್ಸ್ ಸಾಯುತ್ತದೆ, ಹುಲ್ಲು ಉಳಿಯುತ್ತದೆ. ಬೇಗ ಹಸಿರಾಗಲಿ ಎಂದು ರೈಗ್ರಾಸ್ ಬಿತ್ತಿದ ಕಡೆ ಅದೇ ಮೇಲುಗೈ ಪಡೆದು ದೇಸಿ ಸಸಿಗಳನ್ನು ಹತ್ತಿಕ್ಕಿತು. ಈಗ ಅಲ್ಲಿನ ಕೈಪಿಡಿಗಳು ರೈಗ್ರಾಸ್ ಬೇಡವೆಂದು ಎಚ್ಚರಿಸುತ್ತವೆ. ಮೊದಲ ವರ್ಷ ಮೇಲಿನ ಸೊಪ್ಪನ್ನು ಪದೇ ಪದೇ ಸವರಿ, ಕೆಳಗಿನ ಎಳೆಯ ಹುಲ್ಲಿಗೆ ಬೆಳಕು ಕೊಡಿ ಎನ್ನುತ್ತವೆ.

ಇದನ್ನು ಕಲಿಯಲು ಉತ್ತರ ಕರ್ನಾಟಕದ ರೈತ ಅಯೋವಾಕ್ಕೆ ಹೋಗಬೇಕಿಲ್ಲ. ಎರಡು ಸಾಲು ಸಜ್ಜೆ, ಒಂದು ಸಾಲು ತೊಗರಿ ಅವನ ಹಳೆಯ ಲೆಕ್ಕ. ತೊಗರಿ ಮೊದಲ ಎರಡು ತಿಂಗಳು ಕುಂಟುತ್ತ ಬೆಳೆಯುತ್ತದೆ. ಆ ಹೊತ್ತಿಗೆ ಸಜ್ಜೆ ಎದ್ದು ನೆಲ ಮುಚ್ಚುತ್ತದೆ, ಕಳೆಯನ್ನು ಅದುಮುತ್ತದೆ. ಮೂರು ತಿಂಗಳಿಗೆ ಸಜ್ಜೆ ಕೊಯ್ದು ಹೊಲ ಬಿಟ್ಟರೆ ತೊಗರಿ ಬಿಸಿಲು ಕಂಡು ಕವಲೊಡೆಯುತ್ತದೆ. ಸಜ್ಜೆ ಬಹುವಾರ್ಷಿಕವಾಗಿದ್ದರೆ ಈ ಜೋಡಿಯನ್ನು ಯಾವ ರೈತನೂ ಬಿತ್ತುತ್ತಿರಲಿಲ್ಲ. ಸೂಲಗಿತ್ತಿ ಹೆರಿಗೆ ಮಾಡಿಸಿ ಮನೆಗೆ ಹೋಗುತ್ತಾಳೆ. ಬಾಣಂತಿಯ ಕೋಣೆಯಲ್ಲೇ ಸಂಸಾರ ಹೂಡಿದರೆ ಅವಳನ್ನು ಸೂಲಗಿತ್ತಿ ಎನ್ನುವುದಿಲ್ಲ.

ಈ ದೇಶದ ಹಸಿರು ಯೋಜನೆಗಳ ಇತಿಹಾಸದಲ್ಲಿ ಹಾಗೆ ಸಂಸಾರ ಹೂಡಿದವರೇ ತುಂಬಿದ್ದಾರೆ. ಪುಣೆಯ ಗುಡ್ಡಗಳಲ್ಲಿ ಬೆಳಗಿನ ವಾಕಿಂಗ್ ಹೋಗುವವರೆಲ್ಲ ಗ್ಲಿರಿಸಿಡಿಯಾ ಕಂಡಿದ್ದಾರೆ. ಕರ್ನಾಟಕದಲ್ಲಿ ಅದು ಗೊಬ್ಬರದ ಗಿಡ. ಮೂಲ ಮಧ್ಯ ಅಮೆರಿಕ. ಅಲ್ಲಿ ಎಳೆಯ ಕೋಕೋ ಗಿಡಗಳಿಗೆ ನೆರಳು ಕೊಡುತ್ತಿದ್ದುದರಿಂದ ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ ‘ಕೋಕೋವಿನ ತಾಯಿ’ ಎಂದೇ ಹೆಸರು. ಪುಣೆಯ ಕಲ್ಲುಗುಡ್ಡಗಳ ಮೇಲೂ ಅದನ್ನು ತಂದದ್ದು ತಾಯಿಯ ಪಾತ್ರಕ್ಕೇ: ಬೇಗ ಬೆಳೆಯುತ್ತದೆ, ಸಾರಜನಕ ಕೊಡುತ್ತದೆ, ಮಣ್ಣು ಹಿಡಿಯುತ್ತದೆ. ದಶಕಗಳು ಕಳೆದರೂ ತಾಯಿ ಅಲ್ಲೇ ಇದ್ದಾಳೆ, ಮಕ್ಕಳು ಮಾತ್ರ ಕಾಣುತ್ತಿಲ್ಲ. ಕಡಿದರೆ ಬುಡದಿಂದ ಚಿಗುರುತ್ತದೆ, ನೆರಳಿನಡಿ ಬಿಸಿಲು ಬೇಡುವ ಹುಲ್ಲು ಸೊರಗುತ್ತದೆ. ಗುಡ್ಡ ಹಸಿರಾಗಿದೆ ಎಂದು ನಗರ ಖುಷಿಪಡುತ್ತದೆ. ಆ ಹಸಿರಿನಲ್ಲಿ ಗುಡ್ಡದ ಮೂಲ ನಿವಾಸಿಗಳ ಪಾಲೆಷ್ಟು ಎಂದು ಎಣಿಸುವವರು ಕಡಿಮೆ.

ಕಛ್‌ನ ಬನ್ನಿ ಹುಲ್ಲುಗಾವಲಿನದು ಇನ್ನೂ ದೊಡ್ಡ ಪಾಠ. ರಣದ ಉಪ್ಪುನೆಲ ಮುಂದೊತ್ತಿ ಬರದಂತೆ ತಡೆಯಲು 1960ರ ದಶಕದ ಆರಂಭದಲ್ಲಿ ಅಲ್ಲಿ ಅರಣ್ಯ ಇಲಾಖೆ ಬಳ್ಳಾರಿ ಜಾಲಿ ಹಾಕಿತು. ಉಪ್ಪನ್ನು ತಡೆಯಲು ಬಂದದ್ದು ಹುಲ್ಲನ್ನೇ ನುಂಗಿತು. ಗುಜರಾತಿಗಳು ಅದನ್ನು ‘ಗಾಂಡೋ ಬಾವಳ’, ಹುಚ್ಚು ಜಾಲಿ, ಎನ್ನುತ್ತಾರೆ. ಇತ್ತ ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರನ್ನು ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿಸಲಾಯಿತು. ಬಯಲಿನ ಪ್ರಾಣಿಗೆಂದು ಮೀಸಲಿಟ್ಟ ಆ ನೆಲದ ಬಹುಭಾಗದಲ್ಲಿ ಇದ್ದದ್ದು ನೀಲಗಿರಿ ತೋಪು. ಅಲ್ಲಿ ಕಾಣುತ್ತಿದ್ದ ಎರೆಭೂತ ಮರೆಯಾಯಿತು. ಅದೇ ಸೀಮೆಯ ಕುಸನೂರಿನಲ್ಲಿ 1987ರ ನವೆಂಬರಿನಲ್ಲಿ ಜನ ಗೋಮಾಳದ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದು ಹೆಸರಾದ ಆ ಸತ್ಯಾಗ್ರಹ ಕೇಳಿದ್ದು ಇದನ್ನೇ: ಊರ ಹುಲ್ಲಿನ ಮೇಲೆ ಹೊರಗಿನವರ ಗಿಡ ಏಕೆ?

ಹೊದಿಕೆ ಬೆಳೆ ಎಂಬ ಹೆಸರಿನಲ್ಲೇ ಬಂದದ್ದರ ಉದಾಹರಣೆ ಬೇಕಾದರೆ ಕಾಸರಗೋಡಿನಿಂದ ಸುಳ್ಯದವರೆಗಿನ ರಬ್ಬರ್ ತೋಟಗಳಿವೆ. ಅಲ್ಲಿ ನೆಲ ಮುಚ್ಚಲು ತಂದ ಮ್ಯುಕುನಾ ಬ್ರಾಕ್ಟಿಯಾಟ ಬಳ್ಳಿ ಈಶಾನ್ಯ ಭಾರತದ್ದು. ಮಣ್ಣು ಕಾಯುವ ಕೆಲಸವನ್ನು ಅದು ನಿಷ್ಠೆಯಿಂದ ಮಾಡಿತು. ಅಷ್ಟೇ ನಿಷ್ಠೆಯಿಂದ ಬೇಲಿ ದಾಟಿ, ಪಕ್ಕದ ಮರ ಹತ್ತಿ ಮುಸುಕು ಹಾಕುತ್ತದೆ.

ಈ ನಾಲ್ಕೂ ಕಡೆ ತರ್ಕ ಒಂದೇ ಆಗಿತ್ತು. ಗಟ್ಟಿ ಗಿಡ, ನೀರು ಕೇಳುವುದಿಲ್ಲ, ದನ ತಿನ್ನುವುದಿಲ್ಲ ಅಥವಾ ತಿಂದರೂ ಚಿಗುರುತ್ತದೆ, ಎಲ್ಲಿ ಹಾಕಿದರೂ ಬರುತ್ತದೆ. ಟೆಂಡರ್ ಕಾಗದದಲ್ಲಿ ಇವೆಲ್ಲ ಗುಣಗಳು. ಹುಲ್ಲಿನ ಕಣ್ಣಿನಿಂದ ನೋಡಿದರೆ ಇವೇ ಅಪರಾಧದ ಪಟ್ಟಿ. ನೆರವಿನ ಗಿಡವನ್ನು ಯಾವ ಕಾರಣಕ್ಕೆ ಆರಿಸಲಾಯಿತೋ ಅದೇ ಕಾರಣಕ್ಕೆ ಅದು ಹೊರಡುವುದಿಲ್ಲ.

ಗೊತ್ತಿದ್ದೂ ಇದು ನಿಲ್ಲದಿರುವುದಕ್ಕೆ ಕಾರಣ ಅಳತೆಗೋಲು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು. ಹಿಂಜವಡಿಯಂಥ ಕಡೆ ಈ ಹಣಕ್ಕೆ ಕೊರತೆಯಿಲ್ಲ. ಆದರೆ ಹಣ ವರ್ಷದ ಲೆಕ್ಕಕ್ಕೆ ಕಟ್ಟುಬಿದ್ದಿದೆ: ಜೂನ್‌ನಲ್ಲಿ ನೆಟ್ಟು, ಮಾರ್ಚ್‌ನಲ್ಲಿ ವರದಿ. 2015ರ ಹಸಿರು ಹೆದ್ದಾರಿ ನೀತಿ ರಸ್ತೆ ಯೋಜನೆಯ ವೆಚ್ಚದಲ್ಲಿ ಶೇ 1ರಷ್ಟನ್ನು ಗಿಡ ಬೆಳೆಸಲು ತೆಗೆದಿಟ್ಟಿತು. ಅಲ್ಲೂ ಗುತ್ತಿಗೆದಾರ ತೋರಿಸಬೇಕಾದದ್ದು ಸಾಲುಮರದ ಎಣಿಕೆ. 2024ರ ಫೆಬ್ರುವರಿಯಲ್ಲಿ ಹೊರಬಿದ್ದ ಗ್ರೀನ್ ಕ್ರೆಡಿಟ್ ಮಾರ್ಗಸೂಚಿ ಹೆಕ್ಟೇರಿಗೆ ಕನಿಷ್ಠ 1,100 ಮರ ಎಂದಿತು. ಹೆಕ್ಟೇರಿಗೆ 1,100 ಮರ ನಿಂತ ಜಾಗದಲ್ಲಿ ತೋಳಕ್ಕೆ ಏನು ಕೆಲಸ? ಕುಸಳ ಹುಲ್ಲಿಗೆ ಬಿಸಿಲೆಲ್ಲಿ? ಹುಲ್ಲುಗಾವಲು ಮತ್ತು ಮರುಭೂಮಿಗಳ ಕಾರ್ಯಪಡೆ ಯೋಜನಾ ಆಯೋಗಕ್ಕೆ ವರದಿ ಕೊಟ್ಟದ್ದು 2006ರಲ್ಲಿ. ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ನೋಡಿ ಎಂಬ ಅದರ ಕೂಗು ಅಳತೆಗೋಲಿನವರೆಗೆ ತಲುಪಲೇ ಇಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ.

ಸಜ್ಜೆ, ಸಾವೆ, ನವಣೆಗಳೂ ಹುಲ್ಲುಗಾವಲಿನ ಮೂಲ ನಿವಾಸಿಗಳಲ್ಲ, ಅವಕ್ಕೆ ಮಾತ್ರ ರಿಯಾಯಿತಿ ಏಕೆ ಎಂಬುದು ಮೊದಲನೆಯದು. ಹುಟ್ಟೂರಿನ ಆಧಾರದ ಮೇಲೆ ಅವಕ್ಕೆ ಯಾರೂ ಮಣೆ ಹಾಕುತ್ತಿಲ್ಲ. ಅವು ಬೇಸಿಗೆ ದಾಟುವುದಿಲ್ಲ, ಉಳುವವನಿಲ್ಲದೆ ಕಲ್ಲುಗುಡ್ಡದಲ್ಲಿ ವರ್ಷವರ್ಷವೂ ಬಾಳುವುದಿಲ್ಲ. ಮುಳಶಿ, ಮಾವಳದ ಇಳಿಜಾರುಗಳಲ್ಲಿ ತಲೆಮಾರುಗಳಿಂದ ನಾಚಣಿ, ವರಿ ಬೆಳೆದರೂ ಅವು ಗುಡ್ಡವನ್ನು ಆಕ್ರಮಿಸಿದ್ದನ್ನು ಕಂಡವರಿಲ್ಲ. ಹಾಗೆಂದು ಎಲ್ಲ ಧಾನ್ಯವೂ ಸರಿಯಲ್ಲ. ಜೋಳದ ಬೇರು ಸೂಸುವ ರಸ ಪಕ್ಕದ ಎಳೆ ಸಸಿಗಳನ್ನು ಕುಂಠಿಸುತ್ತದೆ, ಅದನ್ನು ದೂರ ಇಡಬೇಕು.

ಎರಡನೆಯದು ಸಾರಜನಕದ ಮಾತು. ಬಡ ಮಣ್ಣಿಗೆ ಶಕ್ತಿ ತುಂಬಲು ದ್ವಿದಳ ಬೇಡವೇ? ಗೊಬ್ಬರದ ಗಿಡ, ಜಲಾನಯನ ಯೋಜನೆಗಳು ಧಾರಾಳವಾಗಿ ಎರಚಿದ ಸ್ಟೈಲೊ, ಇವನ್ನೆಲ್ಲ ಸಮರ್ಥಿಸುವುದು ಇದೇ ವಾದ. ಹೊಲಕ್ಕೆ ಅದು ನಿಜ. ಹುಲ್ಲುಗಾವಲಿಗೆ ತಿರುವುಮುರುವು. ಬಡ ಮಣ್ಣಿನಲ್ಲಿ ಬದುಕಲು ಕಲಿತದ್ದೇ ಇಲ್ಲಿನ ಹುಲ್ಲುಗಳ ಬಲ. ಮಣ್ಣು ಕೊಬ್ಬಿದರೆ ಮೊದಲು ಜಿಗಿಯುವುದು ಕಾಂಗ್ರೆಸ್ ಗಿಡದಂಥ ಅವಸರದ ಕಳೆಗಳೇ. ಹಿಡಿಯಷ್ಟು ಹುರುಳಿ ಬೆರೆಸಿದರೆ ನಷ್ಟವಿಲ್ಲ, ಬಹುವಾರ್ಷಿಕ ದ್ವಿದಳವನ್ನು ಎರಚಿದರೆ ಇದೆ. ಸ್ಟೈಲೊ ಒಳ್ಳೆಯ ಮೇವು, ಮೇವಿನ ಹೊಲದಲ್ಲಿ ಇರಲಿ.

ಮೂರನೆಯದು ದನ ಕುರಿಗಳ ಭಯ. ಹಸಿರು ಸಜ್ಜೆ ಕಂಡರೆ ಮಂದೆ ನುಗ್ಗುತ್ತದೆ, ಆದ್ದರಿಂದ ದನ ಮುಟ್ಟದ ಗಿಡವೇ ವಾಸಿ ಎನ್ನುತ್ತಾರೆ ಅಧಿಕಾರಿಗಳು. ಪುಣೆಯ ಪೂರ್ವದ ಒಣಸೀಮೆಯ ಧನಗರ ಕುರಿಗಾಹಿಗಳು ಮಳೆಗಾಲ ಮುಗಿದ ಮೇಲೆ ಕೊಂಕಣಕ್ಕೆ ಇಳಿದು, ಮುಂಗಾರಿಗೆ ಮುನ್ನ ಮರಳುವವರು. ಯಾವ ಬಯಲಲ್ಲಿ ಯಾವ ಹುಲ್ಲು, ಯಾವಾಗ ಹಾಲು ತುಂಬುತ್ತದೆ ಎಂದು ತಿಳಿದವರು ಅವರೇ. ಬೇಲಿಯಾಚೆ ನಿಲ್ಲಿಸಬೇಕಾದ ಕಳ್ಳರಂತೆ ಅವರನ್ನು ಕಾಣುವ ಯೋಜನೆ ಮೊದಲ ದಿನವೇ ಅರ್ಧ ಸೋತಿರುತ್ತದೆ. ಮೇಲೆ ನಿಂತ ಸಜ್ಜೆಯನ್ನು ಕೊಯ್ದು ಒಯ್ಯುವ ಹಕ್ಕು ಅವರದು, ಹುಲ್ಲು ಬೀಜ ಉದುರಿಸುವವರೆಗೆ ಮಂದೆ ದೂರ ಇಡುವ ಹೊಣೆಯೂ ಅವರದು ಎಂಬ ಒಪ್ಪಂದ ಸಾಧ್ಯ. ಹೊದಿಕೆ ಬೆಳೆ ಸಕಾಲಕ್ಕೆ ಕಟಾವಾಗುವುದಕ್ಕೆ ಅದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

ಮಾಡಬೇಕಾದ ಕೆಲಸದಲ್ಲಿ ಗೂಢವೇನೂ ಇಲ್ಲ. ಬೀಜ ಕೂಡಿಸುವುದು ನವೆಂಬರ್, ಡಿಸೆಂಬರಿನಲ್ಲಿ, ಅದೇ ಜಿಲ್ಲೆಯ ಬದುಕಿರುವ ಬಯಲುಗಳಿಂದ, ಅಲ್ಲಿನ ಕುರಿಗಾಹಿಗಳಿಗೆ ಮತ್ತು ಹಳ್ಳಿಯ ಹೆಂಗಸರಿಗೆ ಕೂಲಿ ಕೊಟ್ಟು, ಬಯಲಿಗೂ ಸಾಕಷ್ಟು ಬೀಜ ಬಿಟ್ಟು. ಜೂನ್ ಬರುವಷ್ಟರಲ್ಲಿ ಬೀಜದ ನಿದ್ದೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಒಂದಕ್ಕೊಂದು ತೊಡರುವ ಮುಳ್ಳುಬೀಜವನ್ನು ಮರಳು, ಮಣ್ಣು, ಸಗಣಿಯೊಂದಿಗೆ ಕಲಸಿ, ಗೀರಿದ ನೆಲಕ್ಕೆ ಮಳೆಗೆ ಮುನ್ನ ಹಾಕಬೇಕು. ಜೊತೆಗೆ ಸಾವೆಯೋ ಸಜ್ಜೆಯೋ, ಹೊಲಕ್ಕೆ ಹಾಕುವುದರ ಮೂರನೇ ಒಂದು ಪಾಲು ಸಾಕು. ತೆನೆ ಕಾಳು ಕಟ್ಟುವ ಮೊದಲು ಗೇಣುದ್ದ ಬಿಟ್ಟು ಕೊಯ್ಯಬೇಕು. ಕಾಂಗ್ರೆಸ್ ಗಿಡವನ್ನು ಹೂಬಿಡುವ ಮೊದಲೇ ಕೀಳಬೇಕು. ಎರಡನೇ ವರ್ಷ ಹೊದಿಕೆ ಬೆಳೆ ಬೇಡ. ಮೂರನೇ ವರ್ಷ ಹುಲ್ಲು ತಾನೇ ಮಾತಾಡುತ್ತದೆ.

ಅಡಚಣೆ ಇರುವುದು ಬೀಜದಲ್ಲಿ. ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆ ಝಾನ್ಸಿಯಲ್ಲಿ 1962ರಲ್ಲಿ ಶುರುವಾಯಿತು. ಅದರ ದಕ್ಷಿಣದ ಕೇಂದ್ರ ಧಾರವಾಡದಲ್ಲಿದೆ, ವಾಕಡವನ್ನು ಸೀಳುವ ಹೆದ್ದಾರಿಯಲ್ಲೇ ದಕ್ಷಿಣಕ್ಕೆ ಹೋದರೆ ಸಿಗುತ್ತದೆ. ಮೇವಿನ ಇಳುವರಿಯ ವಿದ್ಯೆ ಅಲ್ಲಿದೆ. ನಾಲ್ಕೈದು ದೇಸಿ ಹುಲ್ಲುಗಳ ಮಿಶ್ರ ಬೀಜ ಕ್ವಿಂಟಲ್ ಲೆಕ್ಕದಲ್ಲಿ ಬೇಕೆಂದು ಹೆದ್ದಾರಿಯವರು, ನಗರಪಾಲಿಕೆಯವರು, ಕಂಪನಿಗಳವರು ಸಾಲುಗಟ್ಟಿ ಕೇಳಿದರೆ ಅದನ್ನು ಬೆಳೆಯುವ ರೈತರೂ ಹುಟ್ಟುತ್ತಾರೆ. ಇಂದು ಸಸಿ ನರ್ಸರಿಗಳು ಹುಟ್ಟಿದ್ದು ಹಾಗೆಯೇ, ಕೇಳುವವರಿದ್ದುದರಿಂದ.

ಆದ್ದರಿಂದ ಕೇಳಬೇಕಾದವರು ವಾಕಡ, ಹಿಂಜವಡಿಯ ಹಣದ ಪೆಟ್ಟಿಗೆಯ ಬೀಗದ ಕೈ ಹಿಡಿದವರು. ಹಸಿರಿಗೆ ಹಣ ಕೊಡುವ ಯಾವ ಕಂಪನಿಯೂ ನೆಡುವ ಮೊದಲು ಗುತ್ತಿಗೆದಾರನಿಂದ ಮೂರು ಉತ್ತರ ಬರೆಸಿಕೊಳ್ಳಲಿ. ಈ ಜಾಗ ಬದುಕಿರುವ ಹುಲ್ಲುಗಾವಲೇ? ಹೌದಾದರೆ ಗುದ್ದಲಿ ವಾಪಸ್ ಹೋಗಲಿ. ಕೆದಕಿದ ನೆಲವಾದರೆ, ನೆರವಿಗೆಂದು ಹಾಕುವ ಬೆಳೆ ಯಾವ ತಿಂಗಳಲ್ಲಿ ಸಾಯುತ್ತದೆ? ಮೂರನೇ ವರ್ಷ ಬಂದು ಹುಲ್ಲಿನ ಜಾತಿ ಎಣಿಸುವವರು ಯಾರು, ಅವರ ಕೂಲಿ ಇಂದೇ ಒಪ್ಪಂದದಲ್ಲಿ ಸೇರಿದೆಯೇ? ಎರಡನೇ ಪ್ರಶ್ನೆಗೆ ‘ಅದು ಸಾಯುವುದೇ ಇಲ್ಲ ಸಾರ್, ಗ್ಯಾರಂಟಿ’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಚೆಕ್ಕಿಗೆ ಸಹಿ ಹಾಕುವ ಕೈ ಅಲ್ಲೇ ನಿಲ್ಲಬೇಕು.